ಮುಕ್ಕಾಲು ಗಂಟೆಯ ಪಿಜ್ಜಾ

ಶಿಕಾಗೋ ನಗರದ ಉತ್ತರ ಭಾಗದಲ್ಲಿ, ಕಂಬಗಳ ಮೇಲಿನ ಹಳಿಯಲ್ಲಿ ರೈಲು ಗಡಗಡ ಸದ್ದು ಮಾಡಿಕೊಂಡು ಹೋಗುವ ಬೀದಿಯೊಂದರ ತಿರುವಿನಲ್ಲಿ ಆಳವಾದ ತಟ್ಟೆಯಲ್ಲಿ ದಪ್ಪಗೆ ಬೇಯಿಸುವ ಡೀಪ್ ಡಿಶ್ ಪಿಜ್ಜಾದ ಹೋಟೆಲೊಂದು ಇದೆ. ಅದರ ಕುರಿತು ಗಿರಾಕಿಗಳು ಬರೆದಿರುವ ಅಭಿಪ್ರಾಯಗಳನ್ನು ಓದುತ್ತ ಹೋದರೆ, ಇವರೆಲ್ಲರೂ ಹೋಗಿದ್ದು ಒಂದೇ ಹೋಟೆಲಿಗೋ ಅಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಒಬ್ಬರ ಪಾಲಿಗೆ ಅದು ಜನ್ಮದಲ್ಲಿ ತಿಂದ ಅತ್ಯುತ್ತಮ ಪಿಜ್ಜಾ. ಅದೇ ವಾರ ಬರೆದ ಇನ್ನೊಬ್ಬರ ಪಾಲಿಗೆ ದಪ್ಪ ರೊಟ್ಟಿಯ ಮೇಲೆ ಸುರಿದ ಟೊಮೇಟೊ ಸಾರು. ಐದು ನಕ್ಷತ್ರ ಕೊಟ್ಟು ಎರಡೇ ಮಾತಿನಲ್ಲಿ ಮುಗಿಸಿದವರಿದ್ದಾರೆ. ಒಂದೇ ನಕ್ಷತ್ರ ಕೊಟ್ಟು, ಅದೂ ಬಾಗಿಲಲ್ಲಿ ನಗುಮುಖದಿಂದ ಬರಮಾಡಿಕೊಂಡ ಹುಡುಗಿಗಾಗಿ ಎಂದು ಸೇರಿಸಿದವರೂ ಇದ್ದಾರೆ. ಕಳೆದ ಎರಡು ವರ್ಷಗಳಲ್ಲಿ ನಾನು ಅಲ್ಲಿ ಐದು ಸಲ ಊಟ ಮಾಡಿದ್ದೇನೆ. ಮುಂದೆ ಕೆಲವು ದೂರುಗಳನ್ನೂ ಹೇಳುವುದಿರುವುದರಿಂದ ಹೋಟೆಲಿನ ಹೆಸರನ್ನು ಬರೆಯುತ್ತಿಲ್ಲ. ಅಲ್ಲಿನ ಹೊಗಳಿಕೆಗೂ ತೆಗಳಿಕೆಗೂ ಬಹುಪಾಲು ಕಾರಣ ಒಂದೇ ಎಂಬುದು ನನ್ನ ಎಣಿಕೆ: ಈ ಪಿಜ್ಜಾ ಸಿದ್ಧವಾಗಲು ಎಷ್ಟು ಹೊತ್ತು ಬೇಕೆಂದು ತಿಳಿದು ಬಂದವರು ತೃಪ್ತಿಯಿಂದ ಎದ್ದಿದ್ದಾರೆ, ತಿಳಿಯದೆ ಬಂದವರು ಸಿಟ್ಟಿನಿಂದ ಎದ್ದಿದ್ದಾರೆ. ತಿಳಿಸಬೇಕಾದ ಹೋಟೆಲು ಮಾತ್ರ ಆ ಕೆಲಸವನ್ನು ಅರೆಮನಸ್ಸಿನಿಂದ ಮಾಡುತ್ತಿದೆ.

ಸ್ಥಳದಲ್ಲಿ ಆಡಂಬರವೇನೂ ಇಲ್ಲ. ಮೇಜಿನ ಮೇಲೆ ಬಟ್ಟೆಯ ಬದಲು ಕಾಗದದ ಹಾಸು, ಕೆಂಪು ಪ್ಲಾಸ್ಟಿಕ್ ಲೋಟಗಳು, ಒಣಮೆಣಸಿನಕಾಯಿ ಚೂರಿನದೊಂದು ಮತ್ತು ಪಾರ್ಮೆಸಾನ್ ಚೀಸಿನ ಪುಡಿಯದೊಂದು ಡಬ್ಬಿ, ಗೋಡೆಯ ಮೇಲೆ ಬೇಸ್‌ಬಾಲ್ ಪಂದ್ಯ ತೋರಿಸುವ ಟಿ.ವಿ. ಮಕ್ಕಳು ಕೂಗಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಗದ್ದಲ ಹೆಚ್ಚೆಂದು ದೂರಿದವರು ಕೆಲವರಿದ್ದಾರೆ. ಗದ್ದಲವಿರುವುದು ನಿಜ, ಆದರೆ ಬಾಗಿಲು ತೆರೆದೊಡನೆ ಅದು ಕಿವಿಗೆ ಬೀಳುತ್ತದೆಯಾದ್ದರಿಂದ ಮೋಸಹೋದೆವೆಂದು ಹೇಳುವ ಹಾಗಿಲ್ಲ.

ಅತಿ ಹೆಚ್ಚು ಮಂದಿ ದೂರಿರುವುದು ಕಾಯುವುದರ ಬಗ್ಗೆ. ಮೇಜು ಸಿಗಲು ಅರ್ಧ ಗಂಟೆ, ಹೇಳಿದ ಮೇಲೆ ಮತ್ತೆ ಐವತ್ತು ನಿಮಿಷ, ಮಕ್ಕಳು ಅತ್ತು ಅತ್ತು ನಿದ್ದೆ ಹೋದರು ಎಂಬ ಧಾಟಿಯ ಬರಹಗಳು ಹೇರಳವಾಗಿವೆ. ಮೊದಲ ಸಲ ಹೋದಾಗ ನನ್ನ ಪಾಡೂ ಅದೇ ಆಗಿತ್ತು. ಶನಿವಾರ ಸಂಜೆ ಏಳಕ್ಕೆ ಹೋಗಿ, ಎಂಟೂ ಕಾಲಿಗೆ ಮೊದಲ ತುತ್ತು ಬಾಯಿಗಿಟ್ಟೆ. ಅಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿದ್ದುದರಿಂದ ಬೆಳ್ಳುಳ್ಳಿ ಬ್ರೆಡ್ಡು ಒಂದು ಬುಟ್ಟಿ ಖಾಲಿಯಾಗಿ, ಪಿಜ್ಜಾ ಬಂದಾಗ ಹಸಿವೆಯೇ ಉಳಿದಿರಲಿಲ್ಲ. ಆದರೂ ಒಲೆಯಲ್ಲಿ ಕಳೆಯುವ ಹೊತ್ತನ್ನು ಅಡುಗೆಮನೆಯವರ ಸೋಮಾರಿತನವೆಂದು ಎಣಿಸುವುದು ತಪ್ಪು. ಇಟಲಿಯ ನೇಪಲ್ಸಿನ ಪದ್ಧತಿಯ ತೆಳು ಪಿಜ್ಜಾ 400 ಡಿಗ್ರಿ ಸೆಲ್ಸಿಯಸ್ ಮೀರಿದ ಕಟ್ಟಿಗೆ ಒಲೆಯಲ್ಲಿ 60ರಿಂದ 90 ಸೆಕೆಂಡುಗಳೊಳಗೆ ಬೆಂದುಬಿಡುತ್ತದೆ. ಡೀಪ್ ಡಿಶ್‌ನಲ್ಲಿ ಹಿಟ್ಟನ್ನು ಆಳವಾದ ದುಂಡು ತಟ್ಟೆಯ ತಳಕ್ಕೂ ಅಂಚಿಗೂ ಒತ್ತಿ, ಒಳಗೆ ಎರಡು ಬೆರಳು ಎತ್ತರಕ್ಕೆ ತುಂಬುವುದರಿಂದ, 220 ಡಿಗ್ರಿಯ ಆಸುಪಾಸಿನ ಒಲೆಯಲ್ಲಿ ಅದಕ್ಕೆ 30ರಿಂದ 45 ನಿಮಿಷ ಬೇಕೇ ಬೇಕು. ಶಾಖ ಹೆಚ್ಚಿಸಿದರೆ ಅಂಚು ಕರಕಲಾಗಿ ನಡುವೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಮೊದಲೇ ಮಾಡಿಟ್ಟು ಬಿಸಿ ಮಾಡಿ ಕೊಡುವ ಹೋಟೆಲುಗಳಲ್ಲಿ ಬೇಗ ಸಿಗುತ್ತದೆ. ಹಾಗೆ ಸಿಕ್ಕಿದ್ದರ ತಳ ಮೆತ್ತಗಾಗಿ, ತೊಯ್ದ ರಟ್ಟಿನಂತಿರುತ್ತದೆ.

ಈ ವಿಷಯ ಮೆನುವಿನಲ್ಲಿ ಇದೆ, ಕೊನೆಯ ಪುಟದ ಕೆಳಗೆ, ಕನ್ನಡಕ ಹಾಕಿಕೊಂಡರೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ಬಡಿಸುವವರು ಬಾಯಿಬಿಟ್ಟು ಹೇಳುವುದು ಕೇಳಿದರೆ ಮಾತ್ರ. ಇದಕ್ಕಿಂತ ವಿಚಿತ್ರವೆಂದರೆ, ಸಾಲಿನಲ್ಲಿ ನಿಂತಿರುವಾಗಲೇ ಪಿಜ್ಜಾ ಹೇಳಿಬಿಡುವ ಅನುಕೂಲ ಅಲ್ಲಿದೆ. ಮೇಜು ಸಿಗುವಷ್ಟರಲ್ಲಿ ಅರ್ಧ ಬೆಂದಿರುತ್ತದೆ. ಶಿಕಾಗೋದ ಇಂಥ ಹಲವು ಹೋಟೆಲುಗಳಲ್ಲಿ ಇದು ರೂಢಿಯಾದರೂ, ಹೊರಗಿನಿಂದ ಬಂದವರಿಗೆ ಗೊತ್ತಾಗುವುದು ಹೇಗೆ? ನನಗೆ ಅದು ತಿಳಿದದ್ದು ಎರಡನೆಯ ಸಲ, ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ಬಾಗಿಲಿನ ಹುಡುಗಿಗೆ ತಮಗೆ ಬೇಕಾದುದನ್ನು ಹೇಳಿ ಬರೆಸಿದ್ದನ್ನು ನೋಡಿದಾಗ. ನಾನೂ ಬರೆಸಿದೆ. ಅಂದು ಕುಳಿತ ಹದಿನೆಂಟನೆಯ ನಿಮಿಷಕ್ಕೆ ತಟ್ಟೆ ಮೇಜಿಗೆ ಬಂತು. ಒಂದು ನಕ್ಷತ್ರದ ಅಭಿಪ್ರಾಯಗಳಲ್ಲಿ ಅರ್ಧದಷ್ಟಾದರೂ ಬಾಗಿಲಲ್ಲಿ ಆಡಬೇಕಾದ ಈ ಒಂದು ವಾಕ್ಯದಿಂದ ತಪ್ಪುತ್ತಿದ್ದವು.

ಎರಡನೆಯ ದೊಡ್ಡ ದೂರು, ಪಿಜ್ಜಾ ತಲೆಕೆಳಗಾಗಿದೆ ಎಂಬುದು. ಚೀಸ್ ಕಾಣುತ್ತಿಲ್ಲ, ಮೇಲೆ ಬರೀ ಟೊಮೇಟೊ ಇದೆ, ಹಾಕುವುದನ್ನೇ ಮರೆತಿದ್ದಾರೆ ಎಂದು ಒಬ್ಬರು ಬರೆದಿದ್ದಾರೆ. ಚೀಸ್ ತಳದಲ್ಲಿರುತ್ತದೆ. ಹಿಟ್ಟಿನ ಮೇಲೆ ಮೊದಲು ಮೊಝರೆಲ್ಲಾ ಎಂಬ ಮೆದು ಚೀಸಿನ ಹಾಳೆಗಳನ್ನು ಸಂದಿಲ್ಲದಂತೆ ಹಾಸಿ, ಅದರ ಮೇಲೆ ಮಾಂಸವನ್ನೋ ತರಕಾರಿಯನ್ನೋ ಇಟ್ಟು, ಎಲ್ಲಕ್ಕೂ ಮೇಲೆ ಜಜ್ಜಿದ ಟೊಮೇಟೊ ಹರಡಿ, ಓರೆಗಾನೊ ಮತ್ತು ತುರಿದ ಗಟ್ಟಿ ಚೀಸನ್ನು ಉದುರಿಸುವುದು ಈ ಬಗೆಯ ಕ್ರಮ. ಮುಕ್ಕಾಲು ಗಂಟೆ ಒಲೆಯಲ್ಲಿರಬೇಕಾದ ತಿನಿಸಿನ ಮೇಲ್ಭಾಗದಲ್ಲಿ ಮೊಝರೆಲ್ಲಾ ಇದ್ದರೆ ಅದು ಸುಟ್ಟು ಚರ್ಮದಂತಾಗುತ್ತದೆ. ಟೊಮೇಟೊ ಅದಕ್ಕೆ ಹೊದಿಕೆಯಾಗುತ್ತದೆ, ಮೊಝರೆಲ್ಲಾ ಹಾಸು ಟೊಮೇಟೊ ನೀರು ಹಿಟ್ಟಿಗೆ ಇಳಿಯದಂತೆ ತಡೆಯುತ್ತದೆ. 1943ರಲ್ಲಿ ಇದೇ ಶಿಕಾಗೋದ ಓಹಾಯೊ ಬೀದಿ ಮತ್ತು ವಬಾಶ್ ಅವೆನ್ಯೂ ಸೇರುವ ಮೂಲೆಯಲ್ಲಿ ಐಕ್ ಸೂಯೆಲ್ ಮತ್ತು ರಿಕ್ ರಿಕಾರ್ಡೊ ತೆರೆದ ಪಿಟ್ಜೇರಿಯಾ ಊನೋ ಎಂಬ ಹೋಟೆಲು ಈ ಬಗೆಯ ತವರುಮನೆ. ಮೂಲ ಕೈ ಯಾರದೆಂಬ ಜಗಳ ಮಾತ್ರ ತೀರಿಲ್ಲ. ಅಲ್ಲಿ ದುಡಿದ ರೂಡಿ ಮಾಲ್ನಾಟಿ ಮತ್ತು ಅಡುಗೆಯ ಆಲಿಸ್ ಮೇ ರೆಡ್ಮಂಡ್ ಅವರ ಹೆಸರುಗಳೂ ಕೇಳಿಬರುತ್ತವೆ. ರೂಡಿಯವರ ಮಗ ಲೂ 1971ರಲ್ಲಿ ತನ್ನದೇ ಹೋಟೆಲು ತೆರೆದ ಮೇಲೆ ಆ ಕುಟುಂಬದ ಹೆಸರು ಊರೆಲ್ಲ ಹರಡಿತು.

ನೀರು ನೀರಾಗಿದೆ ಎಂಬ ದೂರನ್ನು ಹೀಗೆ ತಳ್ಳಿಹಾಕಲಾರೆ. ಅದರಲ್ಲಿ ಎರಡು ಬಗೆ ಬೆರೆತಿದೆ. ತಟ್ಟೆ ಬಂದೊಡನೆ ಕತ್ತರಿಸಿದ್ದರಿಂದ ಆಗುವ ನೀರು ಒಂದು. ಒಲೆಯಿಂದ ತೆಗೆದ ಪಿಜ್ಜಾ ಐದು ನಿಮಿಷವಾದರೂ ಸುಮ್ಮನೆ ಕೂರಬೇಕು. ಆಗ ಚೀಸ್ ಹಿಡಿದುಕೊಳ್ಳುತ್ತದೆ, ಟೊಮೇಟೊ ನಿಂತುಕೊಳ್ಳುತ್ತದೆ. ಜನ ತುಂಬಿದ ರಾತ್ರಿ ಬಡಿಸುವವರಿಗೆ ಆ ಪುರುಸೊತ್ತು ಇರುವುದಿಲ್ಲ. ಇಕ್ಕಳದಲ್ಲಿ ತಟ್ಟೆ ಹಿಡಿದು ತಂದು, ಮೇಜಿನ ಕಂಬಿಯ ಮೇಲಿಟ್ಟು, ತ್ರಿಕೋನದ ಸಟ್ಟುಗವನ್ನು ತಳಕ್ಕೆ ತೂರಿಸಿ ಮೊದಲ ತುಂಡನ್ನು ಎತ್ತುತ್ತಾರೆ. ಚೀಸಿನ ಎಳೆಗಳು ಮೊಳ ಉದ್ದಕ್ಕೆ ಜಗ್ಗುತ್ತವೆ, ಸುತ್ತಲಿನ ಮೇಜುಗಳಿಂದ ಫೋನುಗಳು ಮೇಲೇಳುತ್ತವೆ, ಅದೇ ಗಳಿಗೆಯಲ್ಲಿ ಪಕ್ಕದ ಗೋಡೆ ಕುಸಿದ ಟೊಮೇಟೊ ಮೆಲ್ಲಗೆ ಆ ಖಾಲಿ ಜಾಗಕ್ಕೆ ಹರಿದು ಕೆರೆಯಾಗುತ್ತದೆ. ಫೋಟೋಕ್ಕೆ ಚೆಂದ, ಎರಡನೆಯ ತುಂಡು ತಿನ್ನುವವರಿಗೆ ಕಷ್ಟ. ಈಗ ನಾನು ತಟ್ಟೆ ಇಟ್ಟೊಡನೆ, ನಾವೇ ಕತ್ತರಿಸಿಕೊಳ್ಳುತ್ತೇವೆ, ನೀವು ಹೋಗಿ ಬನ್ನಿ ಎನ್ನುತ್ತೇನೆ.

ಇನ್ನೊಂದು ನೀರು ಅಡುಗೆಮನೆಯ ತಪ್ಪು. ಮೂರನೆಯ ಸಲ ಹೇಳಿದ ಪಾಲಕ್ ಮತ್ತು ಅಣಬೆಯ ಪಿಜ್ಜಾದಲ್ಲಿ ಸೊಪ್ಪನ್ನು ಹಿಂಡಿರಲಿಲ್ಲ. ತಳದಲ್ಲಿ ಹಸಿರು ಬಣ್ಣದ ನೀರು ನಿಂತು, ಹಿಟ್ಟು ಗಂಜಿಯಾಗಿತ್ತು. ಕಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಹತ್ತು ನಿಮಿಷ ಕೂರಿಸಿದ್ದರೂ ಅದು ಗಟ್ಟಿಯಾಗುತ್ತಿರಲಿಲ್ಲ. ಗಿರಾಕಿಗಳ ದೂರುಗಳನ್ನು ಮತ್ತೆ ತಿರುವಿ ನೋಡಿದಾಗ ಹಸಿ, ಒದ್ದೆ, ನೀರು ಎಂದವರಲ್ಲಿ ಹೆಚ್ಚಿನವರು ಸೊಪ್ಪು ಇಲ್ಲವೇ ಅಣಬೆ ಇರುವುದನ್ನೇ ತರಿಸಿಕೊಂಡಿದ್ದರು. ಸಾಸೇಜಿನ, ಅಂದರೆ ಮಸಾಲೆ ಬೆರೆಸಿದ ಮಾಂಸದ, ಪಿಜ್ಜಾ ತಿಂದವರು ಈ ಮಾತು ಆಡಿದ್ದು ಬಲು ಕಡಿಮೆ. ತರಕಾರಿಯ ಕಡೆಗೆ ಅಡುಗೆಮನೆಗೆ ಇರುವ ಅಸಡ್ಡೆಯನ್ನು ಗಿರಾಕಿಗಳು ತಮಗೇ ಗೊತ್ತಿಲ್ಲದಂತೆ ದಾಖಲಿಸಿದ್ದಾರೆ.

ಹಿಟ್ಟಿನ ಬಗ್ಗೆ ನನಗೆ ಹೊಗಳಿಕೆಯೇ ಇದೆ. ಬ್ರೆಡ್ಡಿನಂತೆ ಉಬ್ಬಿದ ಮೆತ್ತನೆಯ ತಳವನ್ನು ನಿರೀಕ್ಷಿಸಿ ಬಂದವರು ಇದನ್ನು ಗಟ್ಟಿ, ಪುಡಿಪುಡಿ, ಎಣ್ಣೆಮಯ ಎಂದಿದ್ದಾರೆ. ಹಿಟ್ಟಿಗೆ ಎಣ್ಣೆ ಧಾರಾಳವಾಗಿ ಹಾಕಿ, ಹೆಚ್ಚು ನಾದದೆ ಬಿಡುವುದರಿಂದ ಅದು ಜಿಗುಟಾಗದೆ, ಬೇಕರಿಯ ಬೆಣ್ಣೆ ಬಿಸ್ಕತ್ತಿನ ಹಾಗೆ ಹಲ್ಲಿಗೆ ಸಿಕ್ಕೊಡನೆ ಒಡೆಯುತ್ತದೆ. ಇಲ್ಲಿನ ಅಂಚು ಹೊನ್ನಿನ ಬಣ್ಣಕ್ಕೆ ಬಂದು, ಮುರಿದರೆ ಚಟ್ಟೆಂದು ಸದ್ದಾಗುತ್ತದೆ. ಒಬ್ಬರು ಅಂಚೆಲ್ಲ ಕಪ್ಪಗೆ ಸುಟ್ಟಿರಬೇಕಿತ್ತು, ಇಲ್ಲಿ ಹಾಗಿಲ್ಲ ಎಂದು ಕೊರಗಿದ್ದಾರೆ. ತಟ್ಟೆಯ ಗೋಡೆಗೆ ಚೀಸ್ ಹಚ್ಚಿ ಕಂದು ಕರುಕಲಾಗಿಸುವುದು ಶಿಕಾಗೋದ್ದೇ ಆದ ಪೀಕ್ವಾಡ್ಸ್ ಹೋಟೆಲಿನ ಖ್ಯಾತಿ. ಅದನ್ನು ಇಲ್ಲಿ ಹುಡುಕುವುದು ನ್ಯಾಯವಲ್ಲ. ಇನ್ನು ಕೆಲವರು ಮೇಲೆ ಎರಡನೆಯ ಹಿಟ್ಟಿನ ಪದರವಿರುವ ಸ್ಟಫ್ಡ್ ಪಿಜ್ಜಾವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಂತಿದೆ. ಅದು ಇದರ ದಾಯಾದಿ, 1970ರ ದಶಕದಲ್ಲಿ ಬಳಕೆಗೆ ಬಂದದ್ದು, ಇಲ್ಲಿ ಮಾಡುವುದಿಲ್ಲ.

ಸಾಸೇಜು ಈ ಹೋಟೆಲಿನ ಹೆಮ್ಮೆ. ಸೋಂಪು ಹಾಕಿದ ಹಸಿ ಹಂದಿಮಾಂಸವನ್ನು ದೊಡ್ಡ ಬಿಲ್ಲೆಯಾಗಿ ತಟ್ಟಿ ಇಡೀ ಚೀಸಿನ ಮೇಲೆ ಮುಚ್ಚುತ್ತಾರೆ. ಒಲೆಯಲ್ಲೇ ಬೆಂದು ಅದರ ರಸ ಟೊಮೇಟೊಗೆ ಇಳಿಯುತ್ತದೆ. ಮಾಂಸ ತಿನ್ನುವ ಗೆಳೆಯರು ಇದರ ಬಗ್ಗೆ ಒಂದೇ ಒಂದು ದೂರು ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ಮಾತ್ರ ಈ ಬಿಲ್ಲೆಯ ನೆನಪು ಬೇರೆಯೇ ಕಾರಣಕ್ಕೆ ಗಟ್ಟಿಯಾಗಿದೆ.

ನಾಲ್ಕನೆಯ ಸಲ ಊರಿನಿಂದ ಬಂದಿದ್ದ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಪಾಲಕ್ ಪಿಜ್ಜಾ, ಸೊಪ್ಪನ್ನು ಚೆನ್ನಾಗಿ ಹಿಂಡಿ, ಮೇಲೆ ಪಾರ್ಮೆಸಾನ್ ಬೇಡ ಎಂದು ಬಾಗಿಲಲ್ಲೇ ಬರೆಸಿದೆ. ಅಸಲಿ ಪಾರ್ಮೆಸಾನ್, ಅಂದರೆ ಇಟಲಿಯ ಪಾರ್ಮಿಜಾನೊ ಚೀಸಿನಲ್ಲಿ, ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಎಂಬ ವಸ್ತು ಇರುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಈ ಒಂದು ಮಾತನ್ನು ಕೇಳಿಕೊಳ್ಳುವುದು ಒಳ್ಳೆಯದು. ಬಡಿಸುವ ಹುಡುಗ ಬೇಸರಿಸದೆ ಒಳಗೆ ಹೋಗಿ, ಇಲ್ಲಿನ ಮೊಝರೆಲ್ಲಾಕ್ಕೆ ಅಂಥ ರೆನ್ನೆಟ್ ಬಳಸಿಲ್ಲವೆಂದು ಕೇಳಿಕೊಂಡೂ ಬಂದ. ಪಿಜ್ಜಾ ಬಂತು. ಮೇಲೆ ಕೆಂಪಗೆ ಟೊಮೇಟೊ, ನೋಡಲು ಎಲ್ಲವೂ ಸರಿ. ನಾನೇ ಕತ್ತರಿಸಿ ಅವರ ತಟ್ಟೆಗೆ ಒಂದು ತುಂಡು ಹಾಕಿದೆ. ಚಿಕ್ಕಮ್ಮ ಫೋರ್ಕಿನಿಂದ ಟೊಮೇಟೊವನ್ನು ಪಕ್ಕಕ್ಕೆ ಸರಿಸಿ, "ಇದೇನೋ ಇದು, ಒಳಗೆ ವಡೆ ಇಟ್ಟಿದ್ದಾರೆ?" ಎಂದರು. ಕಂದು ಬಣ್ಣದ, ಸೋಂಪಿನ ಕಾಳು ಅಲ್ಲಲ್ಲಿ ಕಾಣುವ ಬಿಲ್ಲೆ. ಬಾಯಿಗೆ ಇಟ್ಟಿರಲಿಲ್ಲ ಎಂಬುದೊಂದೇ ಸಮಾಧಾನ.

ತೆಳು ಪಿಜ್ಜಾದಲ್ಲಿ ಈ ತಪ್ಪು ನಡೆದರೆ ಮೇಜಿಗೆ ಬರುವ ಮೊದಲೇ ಯಾರ ಕಣ್ಣಿಗಾದರೂ ಬೀಳುತ್ತದೆ. ಇಲ್ಲಿ ಎಲ್ಲವನ್ನೂ ಟೊಮೇಟೊ ಮುಚ್ಚಿಬಿಡುವುದರಿಂದ, ಒಲೆಯವನಿಗೂ ಬಡಿಸುವವನಿಗೂ ಒಳಗೇನಿದೆಯೆಂದು ತಿಳಿಯಲು ತಟ್ಟೆಗೆ ಅಂಟಿಸಿದ ಚೀಟಿಯೊಂದೇ ಆಧಾರ. ಆ ರಾತ್ರಿ ಎರಡು ಚೀಟಿಗಳು ಅದಲುಬದಲಾಗಿದ್ದವು. ನಮ್ಮ ಪಾಲಕ್ ಪಿಜ್ಜಾ ಮೂಲೆಯ ಮೇಜಿನಲ್ಲಿ ಆಗಲೇ ಅರ್ಧ ಮುಗಿದಿತ್ತು. ತಪ್ಪು ಪಿಜ್ಜಾ ಬಂತೆಂದು ಇನ್ನೂ ಮೂರು ನಾಲ್ಕು ಮಂದಿ ಬರೆದಿರುವುದನ್ನು ಆಮೇಲೆ ನೋಡಿದೆ. ಸಸ್ಯಾಹಾರದ ತಟ್ಟೆಯ ಮೇಲೆ ಒಂದು ತುಳಸಿ ಎಲೆ ಇಟ್ಟರೂ ಸಾಕಿತ್ತು, ಗುರುತು ಸಿಗುತ್ತಿತ್ತು ಎಂದು ಮ್ಯಾನೇಜರಿಗೆ ಹೇಳಿದೆ. ಆತ ತಲೆಯಾಡಿಸಿದ, ಐದನೆಯ ಸಲ ಹೋದಾಗಲೂ ಎಲೆ ಕಾಣಲಿಲ್ಲ.

ಆದರೆ ತಪ್ಪಾದ ಮೇಲೆ ನಡೆದುಕೊಂಡ ರೀತಿಯನ್ನು ಮೆಚ್ಚಲೇಬೇಕು. ಸಿಬ್ಬಂದಿ ಒರಟರು ಎಂದು ಬರೆದವರ ಅನುಭವ ನನಗೆ ಒಮ್ಮೆಯೂ ಆಗಿಲ್ಲ. ಹೊಸ ಪಿಜ್ಜಾಕ್ಕೆ ಮತ್ತೆ ಮುಕ್ಕಾಲು ಗಂಟೆ ಎಂಬುದು ಗೊತ್ತಿದ್ದರಿಂದ, ಮ್ಯಾನೇಜರು ಹನ್ನೆರಡು ನಿಮಿಷದಲ್ಲಿ ಒಂದು ತೆಳು ಚೀಸ್ ಪಿಜ್ಜಾ ಮಾಡಿಸಿ ಕಳಿಸಿದರು, ಪಾಲಕ್ ಪಿಜ್ಜಾವನ್ನು ಹೊಸದಾಗಿ ಮಾಡಿ ಪಾರ್ಸೆಲ್ ಕಟ್ಟಿಕೊಟ್ಟರು, ಎರಡಕ್ಕೂ ಹಣ ಹಿಡಿಯಲಿಲ್ಲ. ಆ ತೆಳು ಪಿಜ್ಜಾ ಅನಿರೀಕ್ಷಿತ ಲಾಭ. ಕಾಗದದಷ್ಟು ತೆಳ್ಳಗಿದ್ದು, ಅಂಚಿನವರೆಗೂ ಚೀಸ್ ಹರಡಿ, ಚೌಕ ಚೌಕವಾಗಿ ಕತ್ತರಿಸುವ ಇದನ್ನು ಇಲ್ಲಿಯವರು ಟ್ಯಾವರ್ನ್ ಪಿಜ್ಜಾ ಎನ್ನುತ್ತಾರೆ. ಶಿಕಾಗೋದವರು ವಾರದ ನಡುವೆ ಮನೆಗೆ ತರಿಸಿಕೊಳ್ಳುವುದು ಬಹುಮಟ್ಟಿಗೆ ಇದನ್ನೇ. ಡೀಪ್ ಡಿಶ್ ನೆಂಟರು ಬಂದಾಗಿನ ಊಟ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆಂಟೊನಿನ್ ಸ್ಕಾಲಿಯಾ ಡೀಪ್ ಡಿಶ್‌ನ ರುಚಿಯನ್ನು ಒಪ್ಪಿಕೊಂಡರೂ ಅದನ್ನು ಪಿಜ್ಜಾ ಎನ್ನಲು ಒಪ್ಪಿರಲಿಲ್ಲ. ಅವರ ತೀರ್ಪಿಗೆ ಬದ್ಧರಾದವರು ಈ ಹೋಟೆಲಿನಲ್ಲಿ ಚೌಕ ತುಂಡಿನದನ್ನು ಕೇಳಬಹುದು. ಗಿರಾಕಿಗಳ ಅಭಿಪ್ರಾಯಗಳಲ್ಲಿ ಇದರ ಪ್ರಸ್ತಾಪ ಎಲ್ಲೋ ಒಂದೆರಡು ಕಡೆ ಮಾತ್ರ ಇರುವುದು ಆಶ್ಚರ್ಯ.

ಬೆಲೆಯ ದೂರು ಅರ್ಧ ಸತ್ಯ. ಹನ್ನೆರಡು ಅಂಗುಲದ ಪಿಜ್ಜಾಕ್ಕೆ 30 ಡಾಲರಿನ ಆಸುಪಾಸು ಎಂದರೆ ದುಬಾರಿಯೆನಿಸುತ್ತದೆ, ಆದರೆ ಒಂದು ತುಂಡು ತಿಂದ ಮೇಲೆ ಎರಡನೆಯದಕ್ಕೆ ಧೈರ್ಯ ಬೇಕು. ಇಬ್ಬರು ತಿಂದು ಅರ್ಧ ಮನೆಗೆ ಒಯ್ಯುತ್ತಾರೆ. ಇಬ್ಬರಿಗೆ ದೊಡ್ಡದನ್ನು ಹೇಳಿ, ಉಳಿದದ್ದಕ್ಕೆ ಹೋಟೆಲನ್ನು ಬೈದವರ ಬಗ್ಗೆ ನನಗೆ ಅನುಕಂಪವಿಲ್ಲ. ನ್ಯಾಯವಾದ ಸಿಟ್ಟು ಬಿಲ್ಲಿನ ಕೊನೆಯ ಸಾಲುಗಳ ಬಗ್ಗೆ. ಊಟಕ್ಕೆ ಈ ನಗರದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತೆರಿಗೆ ಇದೆ, ಟಿಪ್ಸು ಶೇಕಡಾ 20ರಷ್ಟು ಕೊಡುವುದು ವಾಡಿಕೆ. ಇವೆರಡೂ ಎಲ್ಲರಿಗೂ ಗೊತ್ತಿರುವಂಥವು. ಇವುಗಳ ನಡುವೆ ಶೇಕಡಾ 3ರ ಒಂದು ಸೇವಾ ಶುಲ್ಕವನ್ನು ಈ ಹೋಟೆಲು ತೂರಿಸುತ್ತದೆ. ಅದನ್ನು ಟಿಪ್ಸೆಂದು ತಿಳಿದು ಬಡಿಸುವವರಿಗೆ ಏನೂ ಕೊಡದೆ ಎದ್ದವರಿದ್ದಾರೆ, ಎರಡನ್ನೂ ಕೊಟ್ಟು ಮನೆಗೆ ಹೋಗಿ ಗೊಣಗಿದವರೂ ಇದ್ದಾರೆ. 49 ಡಾಲರಿನ ಊಟ ಹೀಗೆ 65 ಡಾಲರ್ ದಾಟುತ್ತದೆ. ಬೇಯಲು ಬೇಕಾದ ಹೊತ್ತಿನಂತೆ ಇದನ್ನೂ ಹೋಟೆಲು ಮೊದಲೇ ಹೇಳುವುದಿಲ್ಲ. ಹೇಳಿದ್ದರೆ ಯಾರೂ ಎದ್ದು ಹೋಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಪಾರ್ಸೆಲ್ ಬಗ್ಗೆ ಬಂದಿರುವ ಟೀಕೆಗಳನ್ನು ಓದುವಾಗ, ಮುಚ್ಚಿದ ರಟ್ಟಿನ ಪೆಟ್ಟಿಗೆಯೊಳಗೆ ಹಬೆ ಹೋಗಲು ದಾರಿಯಿಲ್ಲದೆ ಅಂಚು ಮೆತ್ತಗಾಗುವುದನ್ನು ನೆನಪಿನಲ್ಲಿಡಬೇಕು. ಬಿಸಿಬಿಸಿಯಾಗಿ ಮನೆಗೆ ತರಿಸಿಕೊಳ್ಳುವುದಕ್ಕಿಂತ ಅರೆಬೆಂದದ್ದನ್ನು ಕೊಂಡು ಮನೆಯ ಓವನ್ನಿನಲ್ಲಿ ಮುಗಿಸುವುದು ಲೇಸು. ಅದೂ ಅಲ್ಲಿ ಸಿಗುತ್ತದೆ, ಅದನ್ನೂ ಕೇಳಿದರೆ ಮಾತ್ರ ಹೇಳುತ್ತಾರೆ. ಉಳಿದ ತುಂಡುಗಳನ್ನು ಮೈಕ್ರೋವೇವಿನಲ್ಲಿಟ್ಟರೆ ತಳ ತೊಗಲಾಗುತ್ತದೆ. ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ತುಂಡಿನ ಮೇಲೆ ಮುಚ್ಚಳ ಬೋರಲು ಹಾಕಿ ಹತ್ತು ನಿಮಿಷ ಬಿಟ್ಟರೆ ತಳದ ಎಣ್ಣೆ ತಾನಾಗಿ ಬಿಟ್ಟುಕೊಂಡು ಹಿಟ್ಟು ಮತ್ತೆ ಗರಿಗರಿಯಾಗುತ್ತದೆ.

ಚಿಕ್ಕಮ್ಮ ಪಾಲಕ್ ಪಿಜ್ಜಾ ತಿಂದದ್ದು ಹೀಗೆ, ಮರುದಿನ ಬೆಳಿಗ್ಗೆ, ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತುಕೊಂಡೇ. ಮೊದಲು ಮುಚ್ಚಳ ತೆಗೆದು, ಫೋರ್ಕಿನಿಂದ ಟೊಮೇಟೊ ಸರಿಸಿ, ಕೆಳಗೆ ಸೊಪ್ಪಲ್ಲದೆ ಬೇರೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಸೊಪ್ಪನ್ನು ಈ ಸಲ ಚೆನ್ನಾಗಿಯೇ ಹಿಂಡಿದ್ದರು. ಅಂಚನ್ನು ಮುರಿದು ಕಾಫಿಯ ಜೊತೆ ಕಡಿಯುತ್ತ, ಇದನ್ನೇ ನಿನ್ನೆ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇನೋ ಎಂದು ನನ್ನನ್ನೇ ಗದರಿ, ಇನ್ನೊಂದು ತುಂಡನ್ನು ಕಾವಲಿಗೆ ಹಾಕಲು ಹೇಳಿದರು.